ಹುಟ್ಟಿದ ವರ್ಷವೇ ಟಿಕೆಟ್: ಹುಡುಗರ ಬ್ಯಾಸ್ಕೆಟ್‌ಬಾಲ್ ವಿಶ್ವಕಪ್ ಅರ್ಥ ಮಾಡಿಕೊಳ್ಳುವುದು ಹೇಗೆ?

ಒಂದು ದೇಶದ 18 ವರ್ಷದೊಳಗಿನವರ ಬ್ಯಾಸ್ಕೆಟ್‌ಬಾಲ್ ತಂಡ ಕ್ವಾರ್ಟರ್ ಫೈನಲ್ ಗೆಲ್ಲುತ್ತದೆ. ಹುಡುಗರು ಕಪ್ಪನ್ನೇ ಗೆದ್ದ ಹಾಗೆ ಅಂಕಣದ ಮಧ್ಯೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಾರೆ. ಕೋಚ್ ಕಣ್ಣೊರೆಸಿಕೊಳ್ಳುತ್ತಾರೆ. ನೋಡುವವರಿಗೆ ಗೊಂದಲ. ಇನ್ನೂ ಸೆಮಿಫೈನಲ್ ಬಾಕಿ ಇದೆ, ಇಷ್ಟು ಸಂಭ್ರಮ ಯಾಕೆ? ಆಟಗಾರರ ಪಟ್ಟಿ ನೋಡಿದರೆ ಇನ್ನೊಂದು ಪ್ರಶ್ನೆ. 18 ವರ್ಷದೊಳಗಿನವರು ಅಂತ ಹೆಸರು, ಆದರೆ ಕೆಲವರಿಗೆ ಆಗಲೇ 18 ತುಂಬಿದೆ. ಎರಡು ವರ್ಷದ ಹಿಂದೆ ಇದೇ ಹೆಸರಿನ ತಂಡದಲ್ಲಿ ಆಡಿದವರನ್ನು ಹುಡುಕಿದರೆ ಒಬ್ಬನೋ ಇಬ್ಬರೋ ಸಿಗಬಹುದು, ಅಷ್ಟೆ.

ಹಿರಿಯರ ತಂಡವನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಹುಡುಗರ ತಂಡ ಬೇಗ ಅರ್ಥವಾಗುವುದಿಲ್ಲ. ಹಿರಿಯರ ತಂಡದಲ್ಲಿ ಒಬ್ಬ ಒಳ್ಳೆಯ ಆಟಗಾರ ಹತ್ತು ವರ್ಷ ಇರುತ್ತಾನೆ. ಹುಡುಗರ ತಂಡ ಹಾಗಲ್ಲ, ಅದು ಶಾಲೆಯ ತರಗತಿ ಇದ್ದ ಹಾಗೆ. ಹತ್ತನೇ ತರಗತಿ ಯಾವಾಗಲೂ ಇರುತ್ತದೆ, ಅದರಲ್ಲಿ ಕೂರುವ ಮಕ್ಕಳು ಮಾತ್ರ ಬದಲಾಗುತ್ತಲೇ ಇರುತ್ತಾರೆ. ಈ ಒಂದು ವಿಷಯ ಹಿಡಿದುಕೊಂಡರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ನಡೆಸುವವರು ಯಾರು?

ಜಗತ್ತಿನ ಬ್ಯಾಸ್ಕೆಟ್‌ಬಾಲ್ ಆಟವನ್ನು ನೋಡಿಕೊಳ್ಳುವ ಸಂಸ್ಥೆ ಫಿಬಾ. 1932ರಲ್ಲಿ ಜಿನೀವಾದಲ್ಲಿ ಎಂಟು ದೇಶಗಳು ಸೇರಿ ಕಟ್ಟಿದ ಸಂಸ್ಥೆ ಇದು. ಈಗ ಇದರಲ್ಲಿ 200ಕ್ಕೂ ಜಾಸ್ತಿ ದೇಶಗಳ ಒಕ್ಕೂಟಗಳಿವೆ. ಹುಡುಗರಿಗಾಗಿ ಫಿಬಾ ಎರಡು ವಿಶ್ವಕಪ್ ನಡೆಸುತ್ತದೆ. ಒಂದು 19 ವರ್ಷದೊಳಗಿನವರದು, 1979ರಲ್ಲಿ ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಶುರುವಾಯಿತು. ಇನ್ನೊಂದು 17 ವರ್ಷದೊಳಗಿನವರದು, 2010ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಶುರುವಾದದ್ದು. ಮೊದಲಿನದು ಬಹಳ ಕಾಲ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿತ್ತು. 2007ರ ನಂತರ ಎರಡು ವರ್ಷಕ್ಕೊಮ್ಮೆ ಆಯಿತು.

ಹಾಗಾದರೆ ಸುದ್ದಿಯಲ್ಲಿ ಬರುವ 16 ವರ್ಷದೊಳಗಿನವರು, 18 ವರ್ಷದೊಳಗಿನವರು ಯಾರು? ಅವು ಖಂಡಗಳ ಮಟ್ಟದ ಟೂರ್ನಿಗಳು. ಏಷ್ಯಾ, ಯುರೋಪ್, ಆಫ್ರಿಕಾ, ಅಮೆರಿಕ ಖಂಡಗಳು ತಮ್ಮ ತಮ್ಮಲ್ಲೇ ಆಡುವ ಪಂದ್ಯಗಳು. ವಿಶ್ವಕಪ್‌ಗೆ ಹೋಗುವ ಬಾಗಿಲು ಇರುವುದೇ ಅಲ್ಲಿ. ಈ ವರ್ಷ 16ರ ಖಂಡದ ಟೂರ್ನಿಯಲ್ಲಿ ಟಿಕೆಟ್ ಗೆದ್ದವರು ಮುಂದಿನ ವರ್ಷ 17ರ ವಿಶ್ವಕಪ್‌ನಲ್ಲಿ ಆಡುತ್ತಾರೆ. 18ರಲ್ಲಿ ಟಿಕೆಟ್ ಗೆದ್ದವರು ಮುಂದಿನ ವರ್ಷ 19ರ ವಿಶ್ವಕಪ್‌ಗೆ ಹೋಗುತ್ತಾರೆ. ಹುಡುಗರಿಗೆ ಒಂದು ವರ್ಷ ವಯಸ್ಸಾಗುತ್ತದೆ, ಟೂರ್ನಿಯ ಹೆಸರಿನಲ್ಲೂ ಒಂದು ಸಂಖ್ಯೆ ಏರುತ್ತದೆ. ಹಾಗಾಗಿ ಟಿಕೆಟ್ ಗೆದ್ದ ಹುಡುಗರೇ ವಿಶ್ವಕಪ್ ಆಡಬಹುದು. ಬಹಳ ಯೋಚಿಸಿ ಮಾಡಿದ ವ್ಯವಸ್ಥೆ ಇದು.

ವಯಸ್ಸಿನ ಲೆಕ್ಕ: ಒಂದು ಕಳೆಯುವ ಲೆಕ್ಕ ಸಾಕು

ಟೂರ್ನಿ ನಡೆಯುವ ವರ್ಷದಿಂದ ವಯಸ್ಸಿನ ಸಂಖ್ಯೆಯನ್ನು ಕಳೆಯಿರಿ. ಬರುವ ಉತ್ತರವೇ ಗಡಿ. ಆ ವರ್ಷದ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಆಡಬಹುದು.

2026ರಲ್ಲಿ 18 ವರ್ಷದೊಳಗಿನವರ ಟೂರ್ನಿ ಅಂದುಕೊಳ್ಳಿ. 2026ರಿಂದ 18 ಕಳೆದರೆ 2008. ಅಂದರೆ 2008ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರಿಗೆ ಅವಕಾಶ. 2008ರ ಜನವರಿ 1ರಂದೇ ಹುಟ್ಟಿದ ಹುಡುಗನಿಗೆ 2026ರ ಹೊಸ ವರ್ಷದ ದಿನವೇ 18 ತುಂಬುತ್ತದೆ. ಆದರೂ ಅವನು ಡಿಸೆಂಬರ್ ಕೊನೆಯವರೆಗೆ 18 ವರ್ಷದೊಳಗಿನವನೇ. ಫಿಬಾ ನೋಡುವುದು ಹುಟ್ಟಿದ ವರ್ಷ ಮಾತ್ರ, ಹುಟ್ಟುಹಬ್ಬ ಯಾವ ತಿಂಗಳಲ್ಲಿ ಬರುತ್ತದೆ ಅನ್ನುವುದನ್ನಲ್ಲ. ಪಟ್ಟಿಯಲ್ಲಿ 18 ತುಂಬಿದ ಹುಡುಗರು ಕಾಣಿಸುವುದು ಮೋಸದಿಂದಲ್ಲ, ನಿಯಮದಿಂದ.

ಚಿಕ್ಕವರು ಮೇಲಿನ ಗುಂಪಿನಲ್ಲಿ ಆಡುವುದಕ್ಕೆ ಅಡ್ಡಿಯಿಲ್ಲ. ದೊಡ್ಡವರು ಕೆಳಗಿನ ಗುಂಪಿಗೆ ಇಳಿಯುವ ಹಾಗಿಲ್ಲ.

ಬೆಸ ವರ್ಷದವರು, ಸಮ ವರ್ಷದವರು

ಹುಡುಗರ ಬ್ಯಾಸ್ಕೆಟ್‌ಬಾಲ್‌ನಲ್ಲಿ ನನಗೆ ಅತ್ಯಂತ ಕುತೂಹಲ ಅನಿಸುವ ವಿಷಯ ಇದು. ಇದರ ಬಗ್ಗೆ ಮಾತಾಡುವವರು ಕಡಿಮೆ.

19ರ ವಿಶ್ವಕಪ್ ಈಗ ಬೆಸ ವರ್ಷಗಳಲ್ಲಿ ನಡೆಯುತ್ತದೆ: 2021, 2023, 2025. ಬೆಸ ವರ್ಷದಿಂದ 19 ಕಳೆದರೆ ಸಮ ಸಂಖ್ಯೆ ಬರುತ್ತದೆ. 2025ರ ಗಡಿ 2006, ಮುಂದೆ 2027ರ ಗಡಿ 2008. ಅಂದರೆ ಸಮ ವರ್ಷದಲ್ಲಿ ಹುಟ್ಟಿದವರು ಈ ವಿಶ್ವಕಪ್‌ನಲ್ಲಿ ಯಾವಾಗಲೂ ದೊಡ್ಡವರ ಸಾಲಿನಲ್ಲಿರುತ್ತಾರೆ.

17ರ ವಿಶ್ವಕಪ್ ಸಮ ವರ್ಷಗಳಲ್ಲಿ ನಡೆಯುತ್ತದೆ: 2022, 2024, 2026. ಸಮ ವರ್ಷದಿಂದ 17 ಕಳೆದರೆ ಬೆಸ ಸಂಖ್ಯೆ. 2026ರ ಗಡಿ 2009. ಇಲ್ಲಿ ಬೆಸ ವರ್ಷದಲ್ಲಿ ಹುಟ್ಟಿದವರು ದೊಡ್ಡವರು.

ಈಗ ಇಬ್ಬರು ಹುಡುಗರನ್ನು ಕಣ್ಣಮುಂದೆ ತಂದುಕೊಳ್ಳಿ. ಒಬ್ಬ 2008ರಲ್ಲಿ ಹುಟ್ಟಿದವನು, ಇನ್ನೊಬ್ಬ 2009ರಲ್ಲಿ. ಇಬ್ಬರ ಪ್ರತಿಭೆಯೂ ಒಂದೇ. 2008ರವನು 17ರ ವಿಶ್ವಕಪ್ ಆಡಬೇಕಾದರೆ ಅದು 2024ರಲ್ಲಿ ಆಗಬೇಕು. ಅಲ್ಲಿ ಗಡಿ 2007. ತನಗಿಂತ ಒಂದು ವರ್ಷ ದೊಡ್ಡವರ ಜೊತೆ ಸ್ಪರ್ಧಿಸಿ ಜಾಗ ಗಿಟ್ಟಿಸಬೇಕು. 2026ಕ್ಕೆ ಅವನ ವಯಸ್ಸು ಮೀರಿರುತ್ತದೆ. ಆದರೆ 2027ರ 19ರ ವಿಶ್ವಕಪ್‌ನಲ್ಲಿ ಅವನೇ ದೊಡ್ಡವನು. 2009ರವನಿಗೆ ಇದು ಪೂರ್ತಿ ತಿರುಗುಮುರುಗು. 17ರಲ್ಲಿ ಅವನಿಗೆ ಅನುಕೂಲ, 19ರಲ್ಲಿ ಅವನು ಚಿಕ್ಕವನು. ಹುಟ್ಟಿದ ವರ್ಷದ ಕೊನೆಯ ಅಂಕಿಯೇ ಯಾವ ವಿಶ್ವಕಪ್ ತನ್ನದು ಅನ್ನುವುದನ್ನು ಅರ್ಧ ತೀರ್ಮಾನಿಸಿರುತ್ತದೆ.

ಅದಕ್ಕೇ ವಯಸ್ಸಿಗಿಂತ ಮೇಲಿನ ಗುಂಪಿನಲ್ಲಿ ಮಿಂಚುವ ಹುಡುಗನನ್ನು ಕೋಚ್‌ಗಳು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಸ್ಪೇನ್‌ನ ಇಜಾನ್ ಅಲ್ಮಾನ್ಸಾ 2005ರಲ್ಲಿ ಹುಟ್ಟಿದವರು. 2022ರ 17ರ ವಿಶ್ವಕಪ್‌ನಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ ಆದರು. ಅಲ್ಲಿ ಅವರು ದೊಡ್ಡವರ ಸಾಲಿನವರೇ. ಮರುವರ್ಷ 19ರ ವಿಶ್ವಕಪ್‌ಗೆ ಗಡಿ 2004 ಇತ್ತು. ಒಂದು ವರ್ಷ ಚಿಕ್ಕವರಾಗಿದ್ದರೂ ಅಲ್ಲೂ ಶ್ರೇಷ್ಠ ಆಟಗಾರ ಅವರೇ. ಅಮೆರಿಕದ ಎ.ಜೆ. ಡಿಬಾಂಟ್ಸಾ ಕಥೆಯೂ ಹೀಗೇ. 2007ರಲ್ಲಿ ಹುಟ್ಟಿದವರು, 2025ರಲ್ಲಿ 2006ರ ಗಡಿ ಇದ್ದ ವಿಶ್ವಕಪ್‌ನಲ್ಲಿ ಶ್ರೇಷ್ಠ ಆಟಗಾರ ಆದರು. ಸುಮ್ನೆ ಅಂಕಗಳನ್ನು ನೋಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ. ಪಕ್ಕದಲ್ಲಿ ಹುಟ್ಟಿದ ವರ್ಷ ಬರೆದುಕೊಂಡರೆ ಕಾಣುತ್ತದೆ.

ಜನವರಿಯ ಹುಡುಗ, ಡಿಸೆಂಬರ್ ಹುಡುಗ

ಒಂದೇ ವರ್ಷದಲ್ಲಿ ಹುಟ್ಟಿದವರ ನಡುವೆಯೂ ಅಂತರ ಇದೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಕಾಗದದಲ್ಲಿ ಸಮ. ದೇಹದಲ್ಲಿ ಸಮ ಅಲ್ಲ. ನಲವತ್ತು ವರ್ಷದವರಿಗೆ ಹನ್ನೊಂದು ತಿಂಗಳು ಏನೂ ಅಲ್ಲ. ಹದಿನೈದರ ಹುಡುಗನಿಗೆ ಹನ್ನೊಂದು ತಿಂಗಳೆಂದರೆ ಒಂದಷ್ಟು ಎತ್ತರ, ಭುಜದ ಅಗಲ, ಜಿಗಿತದ ಶಕ್ತಿ. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಅಂಚು ನೆಲದಿಂದ 3.05 ಮೀಟರ್ ಮೇಲಿರುತ್ತದೆ, ಹುಡುಗರಿಗೂ ದೊಡ್ಡವರಿಗೂ ಅಷ್ಟೇ. ಎತ್ತರದ ಆಟದಲ್ಲಿ ಈ ಹನ್ನೊಂದು ತಿಂಗಳಿಗೆ ಬೆಲೆ ಜಾಸ್ತಿ.

ಇದಕ್ಕೆ ಸೇರಿಕೊಳ್ಳುವ ಇನ್ನೊಂದು ವಿಷಯ, ಎಲ್ಲ ಹುಡುಗರೂ ಒಂದೇ ವಯಸ್ಸಿಗೆ ಬೆಳೆಯುವುದಿಲ್ಲ. ಒಬ್ಬ ಹದಿನಾಲ್ಕಕ್ಕೇ ಗಂಡಸಿನಂತೆ ಕಾಣುತ್ತಾನೆ, ಇನ್ನೊಬ್ಬ ಹದಿನೇಳಕ್ಕೆ ಏಕಾಏಕಿ ಎತ್ತರ ಹಾಕುತ್ತಾನೆ. 16ರ ಗುಂಪಿನಲ್ಲಿ ಎಲ್ಲರನ್ನೂ ತಳ್ಳಿಕೊಂಡು ಅಂಕ ಗಳಿಸಿದ ಹುಡುಗ 19ಕ್ಕೆ ಬರುವಷ್ಟರಲ್ಲಿ ಸಾಮಾನ್ಯನಂತೆ ಕಾಣುವುದು ಇದರಿಂದಲೇ. ಅವನ ಆಟ ಕೆಟ್ಟಿರುವುದಿಲ್ಲ. ಉಳಿದವರು ಅವನ ಎತ್ತರಕ್ಕೆ ಬಂದಿರುತ್ತಾರೆ, ಅಷ್ಟೆ. ಬೇಗ ಬೆಳೆದವನಿಗೆ ಮೊದಲು ಎಲ್ಲವೂ ಸುಲಭ. ತಡವಾಗಿ ಬೆಳೆದವನು ಅಷ್ಟು ದಿನ ಚೆಂಡು ಹಿಡಿತ, ಪಾಸ್, ದೂರದ ಎಸೆತ ಇವುಗಳನ್ನೇ ನಂಬಿ ಬದುಕಿರುತ್ತಾನೆ. ಆ ಕಲಿಕೆ ಮುಂದೆ ಕೈಹಿಡಿಯುತ್ತದೆ.

ವಿಶ್ವಕಪ್‌ಗೆ ದಾರಿ ಯಾವುದು?

ಎರಡೂ ವಿಶ್ವಕಪ್‌ಗಳಲ್ಲಿ ಆಡುವುದು 16 ತಂಡಗಳು. 2025ರ 19ರ ವಿಶ್ವಕಪ್ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ನಡೆಯಿತು. ಅಲ್ಲಿ ಜಾಗಗಳನ್ನು ಹಂಚಿದ್ದು ಹೀಗೆ: ಯುರೋಪಿಗೆ 5, ಅಮೆರಿಕ ಖಂಡಗಳಿಗೆ 4, ಏಷ್ಯಾ ಮತ್ತು ಓಷಿಯಾನಿಯಾ ಸೇರಿ 4, ಆಫ್ರಿಕಾಕ್ಕೆ 2, ಆತಿಥ್ಯ ವಹಿಸಿದ ದೇಶಕ್ಕೆ 1.

ಮೊದಲು ಹೇಳಿದ ಕುಣಿತಕ್ಕೆ ಉತ್ತರ ಇಲ್ಲಿದೆ. ಏಷ್ಯಾಕ್ಕೆ ನಾಲ್ಕು ಜಾಗ. ಸೆಮಿಫೈನಲ್‌ಗೆ ಹೋಗುವವರೂ ನಾಲ್ಕೇ ತಂಡ. ಹಾಗಾಗಿ ಕ್ವಾರ್ಟರ್ ಫೈನಲ್ ಗೆದ್ದ ಕ್ಷಣವೇ ವಿಶ್ವಕಪ್ ಟಿಕೆಟ್ ಕೈಗೆ ಬರುತ್ತದೆ. ಸೆಮಿಫೈನಲ್, ಫೈನಲ್ ಆಡುವುದು ಪದಕಕ್ಕಾಗಿ. ಕ್ವಾರ್ಟರ್ ಫೈನಲ್ ಆಡುವುದು ಮುಂದಿನ ಇಡೀ ವರ್ಷಕ್ಕಾಗಿ. ಆ ಪಂದ್ಯದಲ್ಲಿ ಹುಡುಗರ ಕೈ ನಡುಗುವುದು ಬರಿಗಣ್ಣಿಗೆ ಕಾಣುತ್ತದೆ. ಯುರೋಪಿನಲ್ಲಿ ಐದು ಜಾಗ ಇರುವುದರಿಂದ ಅಲ್ಲಿ ಇನ್ನೊಂದು ವಿಚಿತ್ರ ಒತ್ತಡ. ಐದನೇ ಸ್ಥಾನದ ಪಂದ್ಯ ಬೇರೆ ಆಟಗಳಲ್ಲಿ ಯಾರಿಗೂ ಬೇಡದ ಪಂದ್ಯ, ಅಲ್ವಾ? ಇಲ್ಲಿ ಅದೂ ಫೈನಲ್‌ನಷ್ಟೇ ಬಿಸಿ.

ಏಷ್ಯಾದ ದಾರಿ ಮೊದಲಿಗಿಂತ ಕಷ್ಟವಾಗಿದೆ. 2017ರಿಂದ ಫಿಬಾ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ತಂಡಗಳನ್ನು ಏಷ್ಯಾದ ಟೂರ್ನಿಗಳಿಗೆ ಸೇರಿಸಿತು. 2025ರ ವಿಶ್ವಕಪ್‌ಗೆ ಈ ಭಾಗದಿಂದ ಹೋದವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚೀನಾ ಮತ್ತು ಜೋರ್ಡಾನ್. ನಾಲ್ಕರಲ್ಲಿ ಎರಡು ಜಾಗ ಮೊದಲೇ ಭರ್ತಿಯಾದಂತೆ, ಉಳಿದ ಎರಡಕ್ಕೆ ಇಡೀ ಏಷ್ಯಾ ಬಡಿದಾಡಬೇಕು. ಭಾರತಕ್ಕೆ ಇನ್ನೂ ಒಂದು ಮೆಟ್ಟಿಲು ಜಾಸ್ತಿ. ದಕ್ಷಿಣ ಏಷ್ಯಾದ ದೇಶಗಳು ಮೊದಲು ತಮ್ಮೊಳಗೆ ಅರ್ಹತಾ ಪಂದ್ಯ ಆಡಿ, ಅಲ್ಲಿ ಗೆದ್ದವರು ಏಷ್ಯಾದ ಟೂರ್ನಿಗೆ ಹೋಗುತ್ತಾರೆ. 2025ರವರೆಗೆ ಭಾರತದ ಹುಡುಗರ ತಂಡ ಈ ಎರಡು ವಿಶ್ವಕಪ್‌ಗಳಲ್ಲಿ ಯಾವುದನ್ನೂ ಆಡಿಲ್ಲ.

16 ತಂಡ, 9 ದಿನ, 7 ಪಂದ್ಯ

16 ತಂಡಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಪ್ರತಿ ಗುಂಪಿನಲ್ಲಿ ನಾಲ್ಕು ತಂಡ, ಎಲ್ಲರೂ ಎಲ್ಲರ ಮೇಲೆ ಆಡುತ್ತಾರೆ. ಹೀಗೆ ಒಂದು ತಂಡಕ್ಕೆ ಮೂರು ಪಂದ್ಯ. ಗೆದ್ದರೆ 2 ಅಂಕ, ಸೋತರೂ 1 ಅಂಕ. ಆಡದೇ ಬಿಟ್ಟುಕೊಟ್ಟರೆ ಸೊನ್ನೆ. ಸೋತವರಿಗೂ ಅಂಕ ಯಾಕೆ ಅಂತ ಮೊದಲ ಸಲ ನೋಡುವವರು ಕೇಳುತ್ತಾರೆ. ಅಂಕಣಕ್ಕೆ ಬಂದು ಕೊನೆಯವರೆಗೂ ಆಡಿದ ತಂಡವನ್ನೂ ಆಡದೇ ಹೋದ ತಂಡವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅನ್ನುವುದೇ ಕಾರಣ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಡ್ರಾ ಇಲ್ಲ. ಸಮ ಆದರೆ 5 ನಿಮಿಷ ಹೆಚ್ಚುವರಿ ಆಟ, ಆಗಲೂ ಸಮ ಆದರೆ ಮತ್ತೆ 5 ನಿಮಿಷ.

ಎರಡು ತಂಡಗಳ ಅಂಕ ಸಮ ಆದರೆ ಅವರಿಬ್ಬರ ನಡುವೆ ಯಾರು ಗೆದ್ದಿದ್ದರು ಅಂತ ನೋಡುತ್ತಾರೆ. ಮೂರು ತಂಡ ಒಂದನ್ನೊಂದು ಸುತ್ತಿ ಸೋಲಿಸಿದ್ದರೆ, ಆ ಮೂವರ ನಡುವಿನ ಪಂದ್ಯಗಳಲ್ಲಿ ಎಷ್ಟು ಅಂತರದಿಂದ ಗೆದ್ದರು, ಎಷ್ಟರಿಂದ ಸೋತರು ಅನ್ನುವ ಲೆಕ್ಕ. ಹಾಗಾಗಿ 12 ಪಾಯಿಂಟ್ಸ್ ಹಿಂದೆ ಬಿದ್ದ ತಂಡ ಕೊನೆಯ ಹತ್ತು ಸೆಕೆಂಡ್‌ನಲ್ಲೂ ಓಡೋಡಿ ಎಸೆಯುತ್ತಿದ್ದರೆ ಅಚ್ಚರಿ ಬೇಡ. 12ರಿಂದ ಸೋಲುವುದಕ್ಕೂ 9ರಿಂದ ಸೋಲುವುದಕ್ಕೂ ನಡುವೆ ಒಂದು ಸ್ಥಾನ ಅಡಗಿರಬಹುದು.

ಗುಂಪಿನ ಪಂದ್ಯ ಮುಗಿದ ಮೇಲೆ ಯಾರೂ ಮನೆಗೆ ಹೋಗುವುದಿಲ್ಲ. 16 ತಂಡಗಳೂ ಮುಂದಿನ ಸುತ್ತಿಗೆ ಬರುತ್ತವೆ. ಒಂದು ಗುಂಪಿನ ಮೊದಲಿನವರು ಪಕ್ಕದ ಗುಂಪಿನ ಕೊನೆಯವರ ಎದುರು ಆಡುತ್ತಾರೆ. ಮೂರೂ ಪಂದ್ಯ ಸೋತ ತಂಡಕ್ಕೂ ಇಲ್ಲಿ ಹೊಸ ಬಾಗಿಲು. ಇಲ್ಲಿಂದ ಗೆದ್ದವರು ಕ್ವಾರ್ಟರ್ ಫೈನಲ್‌ಗೆ, ಸೋತವರು 9ರಿಂದ 16ನೇ ಸ್ಥಾನದ ಪಂದ್ಯಗಳಿಗೆ. ಕೊನೆಗೆ ಪ್ರತಿ ತಂಡಕ್ಕೂ ಒಟ್ಟು 7 ಪಂದ್ಯ, ಪ್ರತಿ ತಂಡಕ್ಕೂ ಒಂದು ಸ್ಥಾನ. 13ನೇ ಸ್ಥಾನಕ್ಕೂ ಪಂದ್ಯ ನಡೆಯುತ್ತದೆ. ಹುಡುಗರು ಕಲಿಯಲಿಕ್ಕೆ ಬಂದವರು, ಎರಡು ದಿನದಲ್ಲಿ ವಾಪಸ್ ಕಳಿಸಿದರೆ ಏನು ಕಲಿತಾರು?

ಎಲ್ಲವೂ ಮುಗಿಯುವುದು 9 ದಿನದಲ್ಲಿ. ಇಲ್ಲಿ 12 ಜನರ ತಂಡದ ಒಂಬತ್ತನೇ, ಹತ್ತನೇ ಹುಡುಗನ ಬೆಲೆ ಗೊತ್ತಾಗುತ್ತದೆ. ಮೊದಲ ಐವರನ್ನೇ ಓಡಿಸಿದ ಕೋಚ್ ಆರನೇ ಪಂದ್ಯಕ್ಕೆ ಬರುವಾಗ ಆ ಐವರ ಕಾಲು ಭಾರವಾಗಿರುತ್ತದೆ. ಎಸೆದ ಚೆಂಡು ಬುಟ್ಟಿಯ ಮುಂದಿನ ಅಂಚಿಗೆ ಬಡಿದು ಬೀಳತೊಡಗಿದರೆ ಅದು ದಣಿವಿನ ಗುರುತು. ಕೈ ಗುರಿ ತಪ್ಪಿದ್ದಲ್ಲ, ಕಾಲಿನಿಂದ ಬರಬೇಕಾದ ಬಲ ಬಂದಿಲ್ಲ.

ಎನ್‌ಬಿಎ ನೋಡಿದವರಿಗೆ ಎಲ್ಲಿ ಬೇರೆ ಅನಿಸುತ್ತದೆ?

ಅಮೆರಿಕದ ಎನ್‌ಬಿಎ ಲೀಗ್ ನೋಡಿದವರಿಗೆ ಫಿಬಾ ಆಟ ಸ್ವಲ್ಪ ಇಕ್ಕಟ್ಟಾಗಿ ಕಾಣುತ್ತದೆ. ಎನ್‌ಬಿಎಯಲ್ಲಿ 12 ನಿಮಿಷದ ನಾಲ್ಕು ಕ್ವಾರ್ಟರ್, ಇಲ್ಲಿ 10 ನಿಮಿಷದ ನಾಲ್ಕು. ಮೂರು ಪಾಯಿಂಟ್ಸ್ ಗೆರೆ (ಇದರಾಚೆಯಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಪಾಯಿಂಟ್ಸ್) ಇಲ್ಲಿ 6.75 ಮೀಟರ್ ದೂರದಲ್ಲಿದೆ, ಎನ್‌ಬಿಎಯಲ್ಲಿ ಇನ್ನೂ ದೂರ. ಚೆಂಡು ಸಿಕ್ಕ ತಂಡ 24 ಸೆಕೆಂಡ್ ಒಳಗೆ ಎಸೆಯಬೇಕು. ಎಸೆದದ್ದು ಅಂಚಿಗೆ ಬಡಿದು ಅದೇ ತಂಡಕ್ಕೆ ಮತ್ತೆ ಸಿಕ್ಕರೆ ಹೊಸದಾಗಿ 14 ಸೆಕೆಂಡ್.

ಹುಡುಗರ ಆಟವನ್ನು ನಿಜವಾಗಿ ಬದಲಿಸುವುದು ಇನ್ನೆರಡು ನಿಯಮ. ಎನ್‌ಬಿಎಯಲ್ಲಿ ರಕ್ಷಕ ಯಾರನ್ನೂ ಕಾಯದೆ ಬುಟ್ಟಿಯ ಕೆಳಗೆ ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲುವಂತಿಲ್ಲ. ಫಿಬಾದಲ್ಲಿ ಆ ತಡೆ ಇಲ್ಲ. ಎತ್ತರದ ಹುಡುಗ ಬುಟ್ಟಿಯ ಕೆಳಗೇ ಬಾಗಿಲು ಕಾಯುವವನಂತೆ ನಿಂತುಬಿಡಬಹುದು. ಎರಡನೆಯದು ಫೌಲ್ ಲೆಕ್ಕ. ನಿಯಮ ಮೀರಿ ಎದುರಾಳಿಗೆ ತಾಗಿದರೆ ಫೌಲ್. ಎನ್‌ಬಿಎಯಲ್ಲಿ ಆರು ಫೌಲ್‌ಗೆ ಹೊರಗೆ, ಇಲ್ಲಿ ಐದಕ್ಕೇ. ಬಾಗಿಲು ಕಾಯುವ ಆ ಎತ್ತರದ ಹುಡುಗನ ಮೇಲೆ ಎಲ್ಲರೂ ನುಗ್ಗುವುದರಿಂದ ಅವನ ಫೌಲ್‌ಗಳೇ ಬೇಗ ಏರುತ್ತವೆ. ಒಳ್ಳೆಯ ಕೋಚ್ ಎದುರಾಳಿಯ ದೊಡ್ಡ ಹುಡುಗನ ಫೌಲ್ ಲೆಕ್ಕವನ್ನು ಅಂಕಫಲಕದಷ್ಟೇ ಗಮನದಿಂದ ನೋಡುತ್ತಿರುತ್ತಾರೆ.

ರಿಗಾ, 2021: ಐದನೇ ಫೌಲ್

ಈ ಎರಡು ನಿಯಮಗಳು ಒಂದೇ ಪಂದ್ಯದಲ್ಲಿ ಹೇಗೆ ಕೆಲಸ ಮಾಡುತ್ತವೆ ಅನ್ನುವುದಕ್ಕೆ 2021ರ 19ರ ವಿಶ್ವಕಪ್ ಫೈನಲ್ ನೋಡಬೇಕು. ಲಾಟ್ವಿಯಾದ ರಿಗಾ ನಗರ. ಅಮೆರಿಕ ಮತ್ತು ಫ್ರಾನ್ಸ್.

ಅಮೆರಿಕದ ಕಡೆ ಚೆಟ್ ಹೋಮ್‌ಗ್ರೆನ್. 2002ರಲ್ಲಿ ಹುಟ್ಟಿದವರು. ಆ ವರ್ಷದ ಗಡಿಯೂ 2002. ಅಂದರೆ ದೊಡ್ಡವರ ಸಾಲು. ಫ್ರಾನ್ಸ್ ಕಡೆ ವಿಕ್ಟರ್ ವೆಂಬನ್ಯಾಮ. 2004ರ ಜನವರಿಯಲ್ಲಿ ಹುಟ್ಟಿದವರು, ಆಗಿನ್ನೂ 17 ವರ್ಷ. ಎರಡು ವರ್ಷ ಚಿಕ್ಕವರು. ಇಬ್ಬರೂ ಏಳು ಅಡಿಗಿಂತ ಎತ್ತರ, ಇಬ್ಬರೂ ಕಡ್ಡಿಯಂತೆ ಸಪೂರ.

ವೆಂಬನ್ಯಾಮ ಆ ದಿನ 22 ಪಾಯಿಂಟ್ಸ್ ಗಳಿಸಿದರು. ಅದಕ್ಕಿಂತ ದೊಡ್ಡದು, ಎದುರಾಳಿಗಳು ಎಸೆದ ಚೆಂಡನ್ನು ಗಾಳಿಯಲ್ಲೇ 8 ಸಲ ತಡೆದರು. ಬುಟ್ಟಿಯ ಹತ್ತಿರ ಬಂದ ಅಮೆರಿಕದ ಹುಡುಗರು ಆ ಉದ್ದ ಕೈ ಕಂಡು ಚೆಂಡನ್ನು ಇನ್ನೂ ಮೇಲಕ್ಕೆ, ಇನ್ನೂ ಓರೆಯಾಗಿ ಎಸೆಯಬೇಕಾಯಿತು. ಫ್ರಾನ್ಸ್ ಪಂದ್ಯವನ್ನು ಹಿಡಿದಿಟ್ಟುಕೊಂಡಿದ್ದೇ ಹೀಗೆ. ಆಮೇಲೆ ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಅವರ ಐದನೇ ಫೌಲ್. ಎನ್‌ಬಿಎ ಪಂದ್ಯ ಆಗಿದ್ದರೆ ಇನ್ನೊಂದು ಬಾಕಿ ಇರುತ್ತಿತ್ತು. ಇಲ್ಲಿ ಎದ್ದು ಬೆಂಚಿಗೆ ಹೋಗಬೇಕು. ಬಾಗಿಲು ತೆರೆಯಿತು. ಅಮೆರಿಕ 83–81ರಿಂದ ಗೆದ್ದಿತು. ಎರಡು ಪಾಯಿಂಟ್ಸ್ ಅಂದರೆ ಒಂದೇ ಒಂದು ಬುಟ್ಟಿ. ಟೂರ್ನಿಯ ಶ್ರೇಷ್ಠ ಆಟಗಾರ ಹೋಮ್‌ಗ್ರೆನ್. ಎರಡು ವರ್ಷದ ನಂತರ 2023ರ ಎನ್‌ಬಿಎ ಆಯ್ಕೆಯಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್) ಮೊದಲ ಹೆಸರು ವೆಂಬನ್ಯಾಮ ಅವರದು.

ಯಾವ ದೇಶದ ಪರ ಆಡಬಹುದು?

ಅಪ್ಪ ಒಂದು ದೇಶ, ಅಮ್ಮ ಒಂದು ದೇಶ, ಹುಟ್ಟಿದ್ದು ಮೂರನೇ ದೇಶ. ಇಂಥ ಹುಡುಗರು ಈಗ ಬಹಳ. ಫಿಬಾ ಇದಕ್ಕೆ ಎರಡು ಗೆರೆ ಎಳೆದಿದೆ. ಆ ದೇಶದ ಪೌರತ್ವ ಇರಲೇಬೇಕು. 16 ತುಂಬಿದ ಮೇಲೆ ಪೌರತ್ವ ಪಡೆದವರಾದರೆ ಅಂಥವರು ತಂಡದಲ್ಲಿ ಒಬ್ಬರೇ ಇರಬಹುದು. ಹಣ ಕೊಟ್ಟು ಹೊರಗಿನಿಂದ ಇಡೀ ತಂಡ ಕಟ್ಟುವುದನ್ನು ತಡೆಯುವುದು ಇದರ ಉದ್ದೇಶ.

ಎರಡನೇ ಗೆರೆ 17ನೇ ಹುಟ್ಟುಹಬ್ಬ. ಅದಾದ ಮೇಲೆ ಒಂದು ದೇಶದ ಪರ ಫಿಬಾದ ಮುಖ್ಯ ಟೂರ್ನಿಯಲ್ಲಿ ಆಡಿದರೆ, ಮುಂದೆ ಇನ್ನೊಂದು ದೇಶದ ಪರ ಆಡಲು ಸಾಮಾನ್ಯವಾಗಿ ಆಗುವುದಿಲ್ಲ. ಹದಿನೇಳರ ಹುಡುಗ 18 ವರ್ಷದೊಳಗಿನವರ ಟೂರ್ನಿಗೆ ಜೆರ್ಸಿ ತೊಟ್ಟುಕೊಂಡಾಗ, ಹಿರಿಯನಾದ ಮೇಲೆ ಯಾರ ಪರ ಆಡಬೇಕು ಅನ್ನುವುದನ್ನೂ ಅಲ್ಲೇ ತೀರ್ಮಾನಿಸಿದ ಹಾಗೆ. ಎರಡು ದೇಶಗಳ ನಂಟು ಇರುವ ಮನೆಗಳಲ್ಲಿ ಇದು ಬಹಳ ಭಾರದ ಮಾತು.

ಅಮೆರಿಕ ಯಾಕೆ ಗೆಲ್ಲುತ್ತದೆ, ಯಾಕೆ ಸೋಲುತ್ತದೆ?

17ರ ವಿಶ್ವಕಪ್ 2024ರವರೆಗೆ ಏಳು ಸಲ ನಡೆದಿದೆ, ಏಳೂ ಸಲ ಅಮೆರಿಕ ಗೆದ್ದಿದೆ. 19ರದು 2025ರವರೆಗೆ 17 ಸಲ ನಡೆದಿದೆ, ಅಮೆರಿಕ ಗೆದ್ದದ್ದು 9 ಸಲ. ವಯಸ್ಸಿನಲ್ಲಿ ಎರಡೇ ವರ್ಷದ ಅಂತರ, ಇಷ್ಟು ವ್ಯತ್ಯಾಸ ಹೇಗೆ?

ಹದಿನಾರು ಹದಿನೇಳರಲ್ಲಿ ಓಟ, ಜಿಗಿತ, ಬಲ ಇವು ಪಂದ್ಯ ಗೆಲ್ಲಿಸುತ್ತವೆ. ಅಮೆರಿಕದಲ್ಲಿ ಅಂಥ ಹುಡುಗರು ಸಾಲುಸಾಲಾಗಿ ಸಿಗುತ್ತಾರೆ. ಹದಿನೆಂಟು ಹತ್ತೊಂಬತ್ತಕ್ಕೆ ಬರುವಾಗ ಯುರೋಪಿನ ಹುಡುಗರು ಕ್ಲಬ್‌ಗಳಲ್ಲಿ ಮೂವತ್ತರ ಗಂಡಸರ ಎದುರು ಅಭ್ಯಾಸ ಮಾಡಿರುತ್ತಾರೆ. 16ರ ಗುಂಪಿನಿಂದ ಒಟ್ಟಿಗೇ ಆಡಿಕೊಂಡು ಬಂದಿರುತ್ತಾರೆ. ಯಾರು ಎಲ್ಲಿ ನಿಲ್ಲುತ್ತಾರೆ ಅಂತ ತಿರುಗಿ ನೋಡಬೇಕಾಗಿಲ್ಲ. ಅಮೆರಿಕದ ತಂಡ ಟೂರ್ನಿಗೆ ಸ್ವಲ್ಪ ಮೊದಲು ಶಿಬಿರದಲ್ಲಿ ಸೇರುತ್ತದೆ. ಎನ್‌ಬಿಎಗೆ ಹೊರಟ ಹುಡುಗರು ಬರುವುದೇ ಇಲ್ಲ.

1987ರಲ್ಲಿ ಇಟಲಿಯ ಬೊರ್ಮಿಯೊದಲ್ಲಿ ಇದು ಮೊದಲ ಸಲ ಜೋರಾಗಿ ಕಂಡಿತು. ಯುಗೊಸ್ಲಾವಿಯದ ಟೋನಿ ಕುಕೋಚ್ ಗುಂಪಿನ ಪಂದ್ಯದಲ್ಲಿ ಅಮೆರಿಕದ ಮೇಲೆ ಮೂರು ಪಾಯಿಂಟ್ಸ್ ಗೆರೆಯಾಚೆಯಿಂದ 12 ಸಲ ಎಸೆದು 11 ಸಲ ಬುಟ್ಟಿಗೆ ಹಾಕಿದರು. ಫೈನಲ್‌ನಲ್ಲೂ ಯುಗೊಸ್ಲಾವಿಯ ಗೆದ್ದಿತು. 2017ರಲ್ಲಿ ಕೈರೊದಲ್ಲಿ ಕೆನಡಾದ ಆರ್.ಜೆ. ಬ್ಯಾರೆಟ್ ಸೆಮಿಫೈನಲ್‌ನಲ್ಲಿ ಅಮೆರಿಕದ ಮೇಲೆ 38 ಪಾಯಿಂಟ್ಸ್ ಗಳಿಸಿದರು. ಆಗ ಅವರಿಗೆ 17 ವರ್ಷ. ಕೆನಡಾ 99–87ರಿಂದ ಗೆದ್ದು, ಮರುದಿನ ಕಪ್ಪನ್ನೂ ಎತ್ತಿತು. 2019ರಲ್ಲಿ ಮಾಲಿ ಫೈನಲ್ ತಲುಪಿತು. ಆಫ್ರಿಕಾದ ತಂಡವೊಂದು ಅಲ್ಲಿಯವರೆಗೆ ಬಂದದ್ದು ಅದೇ ಮೊದಲು. 2023ರಲ್ಲಿ ಹಂಗೇರಿಯ ಡೆಬ್ರೆಸೆನ್‌ನಲ್ಲಿ ಸ್ಪೇನ್ ಫ್ರಾನ್ಸನ್ನು ಹೆಚ್ಚುವರಿ ಆಟದಲ್ಲಿ ಮಣಿಸಿತು, ಅಮೆರಿಕಕ್ಕೆ ನಾಲ್ಕನೇ ಸ್ಥಾನ. 2025ರಲ್ಲಿ ಮತ್ತೆ ಅಮೆರಿಕ ಗೆದ್ದಿತು, ಫೈನಲ್‌ನಲ್ಲಿ ಜರ್ಮನಿಯನ್ನು 109–76ರಿಂದ ಸೋಲಿಸಿ.

ಪ್ರಾಗ್, 2013: ಪದಕದ ಆಚೆ

ಹುಡುಗರ ವಿಶ್ವಕಪ್‌ನಲ್ಲಿ ಮಿಂಚಿದವರೆಲ್ಲ ಮುಂದೆ ದೊಡ್ಡ ಆಟಗಾರರಾಗುತ್ತಾರಾ? ಎಲ್ಲರೂ ಆಗುವುದಿಲ್ಲ. ಅಲ್ಲಿ ಕಣ್ಣಿಗೆ ಬೀಳದವರು ಆಗುವುದಿಲ್ಲವಾ? ಆಗುತ್ತಾರೆ.

2013ರ 19ರ ವಿಶ್ವಕಪ್ ಫೈನಲ್ ಪ್ರಾಗ್‌ನಲ್ಲಿ ನಡೆಯಿತು. ಅಮೆರಿಕ ಸರ್ಬಿಯಾವನ್ನು 82–68ರಿಂದ ಸೋಲಿಸಿತು. ಶ್ರೇಷ್ಠ ಆಟಗಾರ ಅಮೆರಿಕದ ಏರನ್ ಗಾರ್ಡನ್. ಬಹಳ ಎತ್ತರಕ್ಕೆ ಜಿಗಿಯುವಂಥ ಹುಡುಗ. ಸೋತ ಸರ್ಬಿಯಾ ತಂಡದಲ್ಲಿ 1995ರಲ್ಲಿ ಹುಟ್ಟಿದ, ಗಡಿಗಿಂತ ಒಂದು ವರ್ಷ ಚಿಕ್ಕ ಹುಡುಗನೊಬ್ಬ ಇದ್ದ. ನಿಧಾನವಾಗಿ ಓಡುತ್ತಿದ್ದ, ಹೆಚ್ಚು ಜಿಗಿಯುತ್ತಿರಲಿಲ್ಲ. ಹೆಸರು ನಿಕೋಲಾ ಯೋಕಿಚ್. ಮರುವರ್ಷ ಎನ್‌ಬಿಎ ಆಯ್ಕೆ ನಡೆದಾಗ ಗಾರ್ಡನ್ ನಾಲ್ಕನೆಯವರಾಗಿ ಹೋದರು. ಯೋಕಿಚ್ ಹೆಸರು ಬಂದದ್ದು 41ನೆಯದಾಗಿ.

2021, 2022, 2024ರಲ್ಲಿ ಎನ್‌ಬಿಎ ಋತುವಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಯೋಕಿಚ್ ಅವರದಾಯಿತು. 2023ರಲ್ಲಿ ಅವರ ಡೆನ್ವರ್ ನಗೆಟ್ಸ್ ತಂಡ ಮೊದಲ ಸಲ ಎನ್‌ಬಿಎ ಕಿರೀಟ ಗೆದ್ದಿತು. ಆ ತಂಡದಲ್ಲಿ ಯೋಕಿಚ್ ಮೇಲಕ್ಕೆ ಹಾಕಿದ ಪಾಸ್‌ಗಳನ್ನು ಗಾಳಿಯಲ್ಲೇ ಹಿಡಿದು ಬುಟ್ಟಿಗೆ ಬಡಿಯುತ್ತಿದ್ದವರು ಏರನ್ ಗಾರ್ಡನ್.